ಗೃಹಧರ್ಮ: ಮದ್ದು ಬಿಡಬಾರದು, ಮಾತು ಮುಚ್ಚಬಾರದು



ಈ ಅಂಕಣದಲ್ಲಿ ಇದುವರೆಗೆ ಪೂಜೆ, ವ್ರತ, ಮಕ್ಕಳ ವಿದ್ಯೆ, ಹಿರಿಯರ ಆರೈಕೆ ಮುಂತಾದ ವಿಚಾರಗಳನ್ನು ಕುರಿತು ಬರೆಯುತ್ತ ಬಂದಿದ್ದೇನೆ. ಈ ತಿಂಗಳು ಬರೆಯಹೊರಟಿರುವ ವಿಷಯ ಮನೆಗಳಲ್ಲಿ ಗಟ್ಟಿಯಾಗಿ ಆಡುವ ಮಾತಲ್ಲ. ಗಟ್ಟಿಯಾಗಿ ಆಡದಿರುವುದರಿಂದಲೇ ಅದು ಕೆಲವು ಮನೆಗಳನ್ನು ಒಳಗಿನಿಂದ ತಿನ್ನುತ್ತಿದೆ. ಆದುದರಿಂದ ಸಂಕೋಚವನ್ನು ಬದಿಗಿಟ್ಟು ಬರೆಯುತ್ತೇನೆ. ತಾವೂ ಹಾಗೆಯೇ ಓದಬೇಕೆಂದು ವಿನಂತಿ.

ಬಸವ ಜಯಂತಿಯಂದು ರಕ್ತದಾನ ಶಿಬಿರ ನಡೆಸುವ ಒಳ್ಳೆಯ ಪದ್ಧತಿ ನಮ್ಮಲ್ಲಿ ಬೆಳೆದಿದೆ. ಮಾಲೂರು ತಾಲ್ಲೂಕಿನ ಒಬ್ಬ ಯುವಕ ಕೆಲವು ವರ್ಷಗಳ ಹಿಂದೆ ಅಂಥದೊಂದು ಶಿಬಿರದಲ್ಲಿ ಸಂತೋಷದಿಂದ ರಕ್ತ ಕೊಟ್ಟ. ದಾನವಾಗಿ ಬಂದ ರಕ್ತವನ್ನು ಎಚ್.ಐ.ವಿ., ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಎಂಬ ಐದಕ್ಕೆ ಪರೀಕ್ಷಿಸಿದ ಮೇಲೆಯೇ ಇನ್ನೊಬ್ಬರಿಗೆ ಏರಿಸುವುದು ನಿಯಮ. ಹತ್ತು ದಿನಗಳ ಮೇಲೆ ಅವನಿಗೆ ಕರೆ ಬಂದಿತು. ಅವನ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಾಣು ಇತ್ತು. ಮೈಯಲ್ಲಿ ನೋವಿಲ್ಲ, ಕಣ್ಣು ಹಳದಿಯಾಗಿಲ್ಲ, ಹಸಿವು ಕೆಟ್ಟಿಲ್ಲ. ಆದರೂ ರೋಗವಿದೆ ಎಂದರೆ ನಂಬುವುದು ಹೇಗೆ? ಮುಂದಿನ ಪರೀಕ್ಷೆಗಳಲ್ಲಿ ಯಕೃತ್ತಿಗೆ ಹಾನಿ ಆರಂಭವಾಗಿರುವುದು ಕಂಡು, ವೈದ್ಯರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಅವನು ಅದನ್ನು ತೆಗೆದುಕೊಳ್ಳುತ್ತ ಬಂದ.

ಮರುವರ್ಷ ಅವನಿಗೆ ಮದುವೆಯಾಯಿತು. ರೋಗದ ಮಾತನ್ನು ಹೆಣ್ಣಿನ ಮನೆಯವರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಮಾತ್ರೆಗಳನ್ನು ಶಕ್ತಿಯ ಮಾತ್ರೆಯ ಡಬ್ಬಿಯೊಳಗೆ ಸುರಿದುಕೊಂಡು ನುಂಗುತ್ತಿದ್ದ. ಎರಡು ವರ್ಷ ಕಳೆಯಿತು. ಮನೆಯಲ್ಲಿ ಮಗುವಿನ ಆಸೆ ಮೂಡಿತು. ಆಗ ಯಾರೋ ಒಬ್ಬರು, 'ಈ ಮದ್ದು ತಿನ್ನುವವನಿಗೆ ಹುಟ್ಟುವ ಮಗು ಅಂಗವಿಕಲವಾಗುತ್ತದೆ' ಎಂದು ಅವನ ಕಿವಿಯಲ್ಲಿ ಊದಿದರು. ವೈದ್ಯರನ್ನು ಕೇಳುವ ಧೈರ್ಯವಿಲ್ಲದೆ ಅವನು ಗುಟ್ಟಾಗಿ ಮಾತ್ರೆ ನಿಲ್ಲಿಸಿಬಿಟ್ಟ. ನಾಲ್ಕನೆಯ ತಿಂಗಳಿಗೆ ಕಣ್ಣು ಹಳದಿಯಾಯಿತು, ವಾಂತಿ ಹಿಡಿಯಿತು. ಮೊದಲು ಕಾಮಾಲೆಯ ಸೊಪ್ಪಿನ ಔಷಧ, ಆಮೇಲೆ ಆಸ್ಪತ್ರೆ. ಪುಣ್ಯವಶಾತ್ ಜೀವ ಉಳಿಯಿತು. ಗಂಡನ ರೋಗದ ಹೆಸರನ್ನು ಆ ಹೆಣ್ಣುಮಗಳು ಮೊದಲ ಸಲ ಕೇಳಿದ್ದು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ.

ಅವನು ಚೇತರಿಸಿಕೊಂಡ ಮೇಲೆ ತಾಯಿ, ಮಗ, ಸೊಸೆ ಮೂವರೂ ನನ್ನ ಬಳಿಗೆ ಬಂದರು. ತಾಯಿ ಬಾಗಿಲಲ್ಲಿಯೇ ಕಣ್ಣೀರಿಟ್ಟು, "ಅಯ್ನೋರೇ, ಇವನು ಎಲ್ಲಿ ಹೋಗಿ ಏನು ಮಾಡಿಕೊಂಡು ಬಂದನೋ, ನಮ್ಮ ಮನೆತನದ ಮಾನ ಹೋಯಿತು" ಎಂದರು. ಮಗ ತಲೆ ತಗ್ಗಿಸಿ ಕುಳಿತಿದ್ದ. ಸೊಸೆ ಮಾತ್ರ ಶಾಂತವಾಗಿ ಹೇಳಿದಳು: "ಗುರುಗಳೇ, ಕಾಯಿಲೆ ಬಂದಿದ್ದಕ್ಕೆ ನನಗೆ ಸಿಟ್ಟಿಲ್ಲ. ಒಂದೇ ಮನೇಲಿ ಎರಡು ವರ್ಷ ಇದ್ದು ನನಗೆ ಹೇಳಲಿಲ್ಲವಲ್ಲ, ಅದಕ್ಕೇನು ಮಾಡಲಿ?"

ಆ ಮಾತು ನನಗೂ ತಾಗಿತು. ಏಕೆಂದರೆ ಆ ಮದುವೆಯ ಮಾತುಕತೆಗೆ ನಾನೂ ಕುಳಿತಿದ್ದವನು. ಬೆಡಗು, ಗೋತ್ರ, ಹೊಲ, ಮನೆ, ಸಂಪಾದನೆ ಎಲ್ಲವನ್ನೂ ವಿಚಾರಿಸಿದೆವು. ಆರೋಗ್ಯದ ಒಂದು ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ವೈದ್ಯನಲ್ಲ; ಮಠದಲ್ಲಿ ಓದಿದವನು. ಆದರೂ ಆ ದಿನದಿಂದ ಈ ರೋಗವನ್ನು ಬಲ್ಲ ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಕಾಮಾಲೆ ಎಂಬುದು ಒಂದೇ ರೋಗದ ಹೆಸರಲ್ಲ. ಅದು ಹಲವು ರೋಗಗಳ ಒಂದು ಲಕ್ಷಣ. ಕೆಟ್ಟ ನೀರು, ಕೆಟ್ಟ ಆಹಾರಗಳಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿ ಇಳಿಯುತ್ತವೆ. ಬಿ ಎಂಬುದು ಬೇರೆ. ಅದು ರಕ್ತದ ಮೂಲಕ, ದಾಂಪತ್ಯ ಸಂಪರ್ಕದ ಮೂಲಕ ಮತ್ತು ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಹರಡುತ್ತದೆ. ಕೆಲವರಲ್ಲಿ ಅದು ಯಾವ ಲಕ್ಷಣವನ್ನೂ ತೋರದೆ ಹತ್ತಾರು ವರ್ಷ ಒಳಗೇ ಉಳಿದು, ಕೊನೆಗೆ ಯಕೃತ್ತು ಗಂಟುಗಟ್ಟಿ ಕೆಡುವುದಕ್ಕೂ ಕ್ಯಾನ್ಸರಿಗೂ ಕಾರಣವಾಗಬಲ್ಲುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಜನರಲ್ಲಿ, ನಮ್ಮ ದೇಶವೊಂದರಲ್ಲಿಯೇ ಸುಮಾರು 2 ಕೋಟಿ 98 ಲಕ್ಷ ಜನರಲ್ಲಿ ಈ ವೈರಾಣು ಇದ್ದಿತು. ಹೀಗಿರಲು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಮ್ಮ ಮನೆಗಳು ಮಾತ್ರ ಇದರಿಂದ ಹೊರಗಿವೆಯೆಂದು ತಿಳಿಯುವುದು ಸರಿಯಲ್ಲ.

ಈಗ ಆ ತಾಯಿಯ ಮಾತಿಗೆ ಬರೋಣ. 'ಎಲ್ಲಿ ಹೋಗಿ ಏನು ಮಾಡಿಕೊಂಡು ಬಂದನೋ' ಎಂಬ ಸಂಶಯ ಅನೇಕ ಮನೆಗಳ ನೆಮ್ಮದಿಯನ್ನು ಕೆಡಿಸಿದೆ. ವೈದ್ಯಶಾಸ್ತ್ರ ಹೇಳುವುದನ್ನು ಗಮನವಿಟ್ಟು ಕೇಳಬೇಕು. ಆರೋಗ್ಯವಂತ ವಯಸ್ಕನಿಗೆ ಈ ಸೋಂಕು ತಗುಲಿದರೆ ನೂರಕ್ಕೆ ತೊಂಬತ್ತೈದರಷ್ಟು ಜನರಲ್ಲಿ ಶರೀರವೇ ಅದನ್ನು ಗೆದ್ದು ಹೊರಹಾಕುತ್ತದೆ. ಹುಟ್ಟುವಾಗ ತಗುಲಿದ ಶಿಶುವಿನಲ್ಲಿಯಾದರೋ, ನೂರಕ್ಕೆ ತೊಂಬತ್ತರಷ್ಟು ಮಕ್ಕಳಲ್ಲಿ ಅದು ಜೀವಮಾನವಿಡೀ ಉಳಿದುಬಿಡುತ್ತದೆ. ಎಂದರೆ, ದೀರ್ಘಕಾಲದಿಂದ ಈ ಸೋಂಕು ಹೊತ್ತಿರುವ ಪುರುಷರಲ್ಲಿ ಬಹಳ ಮಂದಿಗೆ ಅದು ಬಂದದ್ದು ತೊಟ್ಟಿಲಿನ ಕಾಲದಲ್ಲಿ, ತಪ್ಪು ನಡತೆಯಿಂದಲ್ಲ. ಕುದಿಸದ ಸೂಜಿ, ಒಬ್ಬರಿಗೆ ಬಳಸಿ ಇನ್ನೊಬ್ಬರಿಗೂ ಚುಚ್ಚಿದ ಸಿರಿಂಜು, ಕ್ಷೌರದ ಅಂಗಡಿಯ ಹಳೆಯ ಬ್ಲೇಡು ಇವೂ ಕಾರಣಗಳೇ. 2009ರಲ್ಲಿ ಗುಜರಾತಿನ ಮೋಡಾಸಾ ಪಟ್ಟಣದಲ್ಲಿ ಬಳಸಿದ ಸಿರಿಂಜುಗಳ ಮರುಬಳಕೆಯಿಂದ ಈ ರೋಗ ಹಬ್ಬಿ ಹಲವರು ಪ್ರಾಣ ಕಳೆದುಕೊಂಡರು. ಅವರೆಲ್ಲ ಯಾವ ಪಾಪ ಮಾಡಿದ್ದರು?

ಮನೆಯವರೆಲ್ಲರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳಿದ್ದರು. ತಾಯಿ ಒಲ್ಲೆನೆಂದಿದ್ದರು. ನಾನು ಒತ್ತಾಯಿಸಿದ ಮೇಲೆ ಮಾಡಿಸಿಕೊಂಡರು. ಅವರ ರಕ್ತದಲ್ಲಿಯೂ ವೈರಾಣು ಇತ್ತು. ಅವರಿಗೂ ಎಂದೂ ಏನೂ ಆಗಿರಲಿಲ್ಲ. ಮಗನಿಗೆ ತನ್ನಿಂದಲೇ ಬಂದಿರಬಹುದೆಂದು ತಿಳಿದಾಗ ಆ ತಾಯಿ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. "ಅಮ್ಮಾ, ಮಗನಲ್ಲಿಯೂ ದೋಷವಿಲ್ಲ, ನಿಮ್ಮಲ್ಲಿಯೂ ದೋಷವಿಲ್ಲ. ಗೊತ್ತಿಲ್ಲದೆ ಬಂದದ್ದಕ್ಕೆ ಯಾರೂ ಹೊಣೆಯಲ್ಲ, ಗೊತ್ತಾದ ಮೇಲೆ ಏನು ಮಾಡುತ್ತೇವೆ ಎಂಬುದಕ್ಕಷ್ಟೇ ನಾವು ಹೊಣೆ" ಎಂದು ಸಮಾಧಾನ ಹೇಳಿದೆ.

ಇನ್ನೊಂದು ಮಾತು. ರೋಗದ ಹೆಸರು ತಿಳಿದೊಡನೆ ಕೆಲವು ಮನೆಗಳಲ್ಲಿ ಆ ವ್ಯಕ್ತಿಯ ತಟ್ಟೆ ಲೋಟಗಳನ್ನು ಬೇರೆ ಇಡುತ್ತಾರೆ. ದಾಸೋಹದ ಪಂಕ್ತಿಯಲ್ಲಿ ಪಕ್ಕಕ್ಕೆ ಸರಿಯುತ್ತಾರೆ. ಹೆಪಟೈಟಿಸ್ ಬಿ ಊಟದಿಂದ ಹರಡದು, ನೀರಿನಿಂದ ಹರಡದು, ಒಟ್ಟಿಗೆ ಕುಳಿತರೆ ಹರಡದು, ಮಗುವನ್ನು ಎತ್ತಿ ಮುದ್ದಾಡಿದರೆ ಹರಡದು. ಬೇರೆ ಇಡಬೇಕಾದದ್ದು ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ಉಗುರು ಕತ್ತರಿಸುವ ಸಾಧನ ಇಷ್ಟನ್ನೇ, ಗಾಯವಾದರೆ ಮುಚ್ಚಿಕೊಳ್ಳಬೇಕು. ಎಂಜಲು ಸೂತಕ, ಜನನ ಸೂತಕಗಳೇ ಮೊದಲಾದ ಪಂಚಸೂತಕಗಳನ್ನು ಅಲ್ಲಗಳೆದ ಧರ್ಮ ನಮ್ಮದು. ಆ ಧರ್ಮದಲ್ಲಿ ಹುಟ್ಟಿದ ನಾವು ರೋಗದ ಹೆಸರಿನಲ್ಲಿ ಆರನೆಯ ಸೂತಕವೊಂದನ್ನು ಕಟ್ಟಿಕೊಳ್ಳಬಾರದು.

ಇನ್ನು ಮುಖ್ಯ ಪ್ರಶ್ನೆ: ಹೆಪಟೈಟಿಸ್ ಬಿ ಚಿಕಿತ್ಸೆಯಲ್ಲಿರುವ ಪುರುಷನು ತಂದೆಯಾಗಬಹುದೇ? ಆಗಬಹುದು. ಕುಟುಂಬ ಯೋಜನೆ ಎಂದರೆ ಮಕ್ಕಳು ಸಾಕೆಂದು ನಿಲ್ಲಿಸುವುದೊಂದೇ ಎಂದು ನಾವು ತಿಳಿದಿದ್ದೇವೆ. ಯಾವಾಗ, ಎಷ್ಟು ಸಿದ್ಧತೆಯೊಡನೆ ಮಗುವನ್ನು ಬರಮಾಡಿಕೊಳ್ಳಬೇಕೆಂದು ಗಂಡಹೆಂಡಿರು ಕೂಡಿ ಯೋಚಿಸುವುದೂ ಕುಟುಂಬ ಯೋಜನೆಯೇ.

ಈ ರೋಗಕ್ಕೆ ಈಗ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಟೆನೊಫೊವಿರ್ ಮತ್ತು ಎಂಟೆಕಾವಿರ್. ಇವನ್ನು ಸೇವಿಸುತ್ತಿರುವ ತಂದೆಯಿಂದ ಹುಟ್ಟುವ ಮಗುವಿಗೆ ಅದರಿಂದ ಅಂಗದೋಷ ಬರುತ್ತದೆಂಬುದಕ್ಕೆ ಆಧಾರ ಕಂಡುಬಂದಿಲ್ಲ. ಟೆನೊಫೊವಿರ್ ವಿಷಯದಲ್ಲಿ ಇನ್ನೂ ಒಂದು ಸಂಗತಿಯಿದೆ. ರಕ್ತದಲ್ಲಿ ವೈರಾಣು ಬಹಳ ಹೆಚ್ಚಿರುವ ಗರ್ಭಿಣಿಗೆ, ಮಗುವಿಗೆ ಸೋಂಕು ತಗುಲದಿರಲೆಂದು, ಗರ್ಭದ ಕೊನೆಯ ತಿಂಗಳುಗಳಲ್ಲಿ ವೈದ್ಯರೇ ಈ ಮಾತ್ರೆಯನ್ನು ಕೊಡುತ್ತಾರೆ. ತಾಯಿಗೇ ಕೊಡುವ ಮದ್ದನ್ನು ತಂದೆ ತೆಗೆದುಕೊಂಡರೆ ಮಗುವಿಗೆ ಕೇಡೆಂದು ಹೆದರುವುದೇಕೆ? ಇದೇ ಮಾತ್ರೆಯನ್ನು ಎಚ್.ಐ.ವಿ. ಚಿಕಿತ್ಸೆಯಲ್ಲಿಯೂ ಬಳಸುವುದರಿಂದ ಡಬ್ಬಿಯ ಮೇಲಿನ ಬರಹವನ್ನೋ ಒಳಗಿನ ಚೀಟಿಯನ್ನೋ ಓದಿ ಗಾಬರಿಗೊಂಡ ಮನೆಗಳುಂಟು. ಮದ್ದು ಒಂದೇ ಆದ ಮಾತ್ರಕ್ಕೆ ರೋಗ ಒಂದೇ ಅಲ್ಲ.

ಹಾಗಾದರೆ ಈ ಭಯ ಹುಟ್ಟಿದ್ದಾದರೂ ಎಲ್ಲಿ? ಹೆಪಟೈಟಿಸ್ ಸಿ ರೋಗಕ್ಕೆ ಹಿಂದೆ ಹೆಚ್ಚಾಗಿ ಬಳಸುತ್ತಿದ್ದ, ಈಗಲೂ ಕೆಲವೊಮ್ಮೆ ಕೊಡುವ ರಿಬಾವಿರಿನ್ ಎಂಬ ಔಷಧವಿದೆ. ಅದನ್ನು ಸೇವಿಸುವ ಪುರುಷನ ಹೆಂಡತಿ ಚಿಕಿತ್ಸೆಯ ಕಾಲದಲ್ಲಿಯೂ ಆಮೇಲೆ ಆರು ತಿಂಗಳವರೆಗೂ ಗರ್ಭ ಧರಿಸಬಾರದೆಂಬ ಎಚ್ಚರಿಕೆ ನಿಜ. ಆ ಎಚ್ಚರಿಕೆ ಬಾಯಿಂದ ಬಾಯಿಗೆ ಹರಿದು ಬಿ ರೋಗದ ಮಾತ್ರೆಗೂ ಅಂಟಿಕೊಂಡಿರಬಹುದು. ಬಿ ರೋಗಕ್ಕೇ ಕೆಲವರಿಗೆ ಇಂಟರ್‌ಫೆರಾನ್ ಎಂಬ ಚುಚ್ಚುಮದ್ದನ್ನು ಕೊಡುವುದುಂಟು. ಅದು ನಡೆಯುತ್ತಿರುವಾಗ ಮಗುವಿನ ಯೋಚನೆಯನ್ನು ಮುಂದೂಡುವಂತೆ ವೈದ್ಯರು ಹೇಳಬಹುದು. ಆದುದರಿಂದ ತಾನು ತೆಗೆದುಕೊಳ್ಳುತ್ತಿರುವ ಮದ್ದಿನ ಹೆಸರೇನೆಂದು ಪ್ರತಿಯೊಬ್ಬನೂ ತಿಳಿದಿರಬೇಕು. ಆ ಹೆಸರನ್ನಿಟ್ಟುಕೊಂಡು ತನ್ನ ವೈದ್ಯರನ್ನೇ ಕೇಳಬೇಕು, ಅಕ್ಕಪಕ್ಕದವರನ್ನಲ್ಲ.

ಮದ್ದನ್ನು ತಾನಾಗಿ ನಿಲ್ಲಿಸುವುದು ಮಾತ್ರ ಎಂದಿಗೂ ಕೂಡದು. ಮಾತ್ರೆ ವೈರಾಣುವನ್ನು ಕೊಲ್ಲುವುದಿಲ್ಲ, ಅದುಮಿಟ್ಟಿರುತ್ತದೆ. ಕೈ ತೆಗೆದೊಡನೆ ಅದು ಮೇಲೆದ್ದು ಯಕೃತ್ತನ್ನು ಒಮ್ಮೆಲೇ ಉರಿಸಬಲ್ಲುದು. ಪ್ರಾಣಕ್ಕೂ ಅಪಾಯ ತರಬಲ್ಲುದು. ನಮ್ಮ ಯುವಕನಿಗೆ ಆದದ್ದೂ ಇದೇ. ಮಾತ್ರೆ ಸೇವಿಸುತ್ತಿದ್ದರೆ ರಕ್ತದಲ್ಲಿ ವೈರಾಣು ತಗ್ಗಿ ಹೆಂಡತಿಗೂ ಅಪಾಯ ಕಡಿಮೆಯಾಗುತ್ತದೆ. ಮಗುವಿಗಾಗಿ ಮದ್ದು ಬಿಡುವವನು ಆ ಮಗುವಿನ ತಂದೆಯನ್ನೂ ತಾಯಿಯನ್ನೂ ಅಪಾಯಕ್ಕೆ ಒಡ್ಡುತ್ತಾನೆ. ನೆಲನೆಲ್ಲಿಯ ಮಾತನ್ನು ಕೆಲವರು ಕೇಳಿದ್ದಾರೆ. 1988ರಲ್ಲಿ ಮದರಾಸಿನ ಸಂಶೋಧಕರು ಅದರ ಬಗೆಗೆ ಆಶಾದಾಯಕ ವರದಿಯೊಂದನ್ನು ಪ್ರಕಟಿಸಿದ್ದು ನಿಜ. ಈ ವೈರಾಣುವನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲೂಮ್‌ಬರ್ಗ್ ಅವರೂ ಅದರಲ್ಲಿ ಪಾಲುಗೊಂಡಿದ್ದರು. ಆದರೆ ಮುಂದಿನ ಪ್ರಯೋಗಗಳಲ್ಲಿ ಆ ಫಲ ನಿಲ್ಲಲಿಲ್ಲ. ಸೊಪ್ಪನ್ನು ನಂಬಿ ಮಾತ್ರೆ ಬಿಡಬಾರದು. ಮದ್ಯವನ್ನಂತೂ ಮುಟ್ಟಲೇಬಾರದು.

ಈಗ ದಂಪತಿಗಳು ನಡೆಯಬೇಕಾದ ದಾರಿಯನ್ನು ಕ್ರಮವಾಗಿ ಹೇಳುತ್ತೇನೆ. ಮೊದಲ ಹೆಜ್ಜೆ, ಹೆಂಡತಿಗೆ ಹೇಳುವುದು. ಎರಡನೆಯದು, ಅವಳ ರಕ್ತಪರೀಕ್ಷೆ. ಆಗ ಮೂರರಲ್ಲಿ ಒಂದು ತಿಳಿಯುತ್ತದೆ. ಅವಳಿಗೂ ಸೋಂಕು ಇದ್ದರೆ ಅವಳಿಗೂ ಪ್ರತ್ಯೇಕ ಆರೈಕೆ ಬೇಕು. ಗರ್ಭದ ಯೋಚನೆ ವೈದ್ಯರ ಕಣ್ಗಾವಲಿನಲ್ಲಿ ನಡೆಯಬೇಕು. ಅವಳಿಗೆ ಈಗಾಗಲೇ ರಕ್ಷಣೆ ಇದ್ದರೆ ಚಿಂತೆಯಿಲ್ಲ. ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ ಎಂದಾದರೆ ಲಸಿಕೆ ಹಾಕಿಸಬೇಕು. ಅದು ಮೂರು ಸಲ: ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕೊನೆಯದಾದ ಒಂದೆರಡು ತಿಂಗಳ ಮೇಲೆ ರಕ್ಷಣೆ ಬಂದಿದೆಯೇ ಎಂದು ಪರೀಕ್ಷಿಸಬಹುದು. ವರದಿಯಲ್ಲಿ ಆ ಸಂಖ್ಯೆ 10 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ರಕ್ಷಣೆ ಬಂದಿದೆ ಎಂದರ್ಥ. ಅಲ್ಲಿಯವರೆಗೆ ದಾಂಪತ್ಯದಲ್ಲಿ ನಿರೋಧ್ ಬಳಸತಕ್ಕದ್ದು. ಎಂಟು ತಿಂಗಳ ಈ ತಾಳ್ಮೆ ಒಂದು ಜೀವಮಾನದ ನೆಮ್ಮದಿಗೆ ಕೊಡುವ ಬೆಲೆಯೆಂದರೆ ಹೆಚ್ಚಲ್ಲ. ರಕ್ಷಣೆ ಖಚಿತವಾದ ಮೇಲೆ, ಮಾತ್ರೆಯನ್ನು ಬಿಡದೆಯೇ, ವೈದ್ಯರಿಗೆ ತಿಳಿಸಿ ಮಗುವಿಗೆ ಹಂಬಲಿಸಬಹುದು.

ಇಷ್ಟರಲ್ಲಿಯೇ ಹೆಂಡತಿ ಗರ್ಭಿಣಿಯಾಗಿದ್ದರೆ? ಗಾಬರಿ ಬೇಡ. ತಂದೆ ಮಾತ್ರೆ ಸೇವಿಸುತ್ತಿದ್ದನೆಂಬ ಕಾರಣಕ್ಕೆ ಗರ್ಭವನ್ನು ತೆಗೆಸುವ ಮಾತನ್ನು ಯಾರೂ ಆಡಬಾರದು. ತಾಯಿಯ ರಕ್ತವನ್ನು ಬೇಗ ಪರೀಕ್ಷಿಸಬೇಕು. ಸೋಂಕಿಲ್ಲದಿದ್ದರೆ ಗರ್ಭಿಣಿಯಿದ್ದಾಗಲೂ ಈ ಲಸಿಕೆಯನ್ನು ಕೊಡಬಹುದು.

ತಂದೆಯಲ್ಲಿರುವ ರೋಗ ವಂಶದ ಗುಣದಂತೆ ಮಗುವಿಗೆ ಇಳಿಯುವುದಲ್ಲ. ಮಗುವಿಗೆ ಮುಖ್ಯ ಅಪಾಯ, ಸೋಂಕಿರುವ ತಾಯಿಯಿಂದ ಹೆರಿಗೆಯ ವೇಳೆಯಲ್ಲಿ. ತಾಯಿಯನ್ನು ಕಾಪಾಡಿದರೆ ಮಗುವನ್ನು ಕಾಪಾಡಿದಂತೆಯೇ ಸರಿ. ಆದರೂ ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಮಗುವಿಗೆ ಮೊದಲ ಲಸಿಕೆ ಬೀಳಲೇಬೇಕು. ಆಮೇಲೆ 6, 10, 14ನೆಯ ವಾರಗಳಲ್ಲಿ ಸರ್ಕಾರ ಉಚಿತವಾಗಿ ಹಾಕುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಇದೂ ಸೇರಿದೆ. ತಾಯಿಗೆ ಸೋಂಕಿದ್ದರೆ ಹನ್ನೆರಡು ಗಂಟೆಯೊಳಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದನ್ನೂ ಕೊಡುತ್ತಾರೆ. ಹೀಗೆ ಲಸಿಕೆ ಪಡೆದ ಮಗುವಿಗೆ ತಾಯಿ ಧೈರ್ಯವಾಗಿ ಎದೆಹಾಲು ಕೊಡಬಹುದು. ಗರ್ಭದ ಎಂಟನೆಯ ತಿಂಗಳಿನಲ್ಲಿಯೇ ಶಿಶುವಿಗೆ ಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮ ಅನೇಕ ಮನೆಗಳಲ್ಲಿದೆ. ಮಗು ಕಣ್ಣು ಬಿಡುವ ಮೊದಲೇ ಅದರ ರಕ್ಷಣೆಯನ್ನು ಯೋಚಿಸುವುದು ನಮಗೆ ಹೊಸದಲ್ಲ. ಹುಟ್ಟಿದ ದಿನದ ಲಸಿಕೆಯನ್ನೂ ಅದೇ ಶ್ರದ್ಧೆಯಿಂದ ಹಾಕಿಸಬೇಕು.

ಈ ಲಸಿಕೆ ನಮ್ಮ ದೇಶದ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಎಲ್ಲ ರಾಜ್ಯಗಳಿಗೂ ಹರಡಿದ್ದು 2011-12ರ ವೇಳೆಗೆ. ಇಂದು ಮದುವೆಯ ವಯಸ್ಸಿನಲ್ಲಿರುವ ನಮ್ಮ ಮಕ್ಕಳು ಹುಟ್ಟಿದ್ದು ಅದಕ್ಕೂ ಮೊದಲು. ಆದುದರಿಂದ ಅವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ವಿವೇಕ. 2018ರ ಜುಲೈ 28ರಂದು ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆಗಳು ಉಚಿತ. ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಪರಿಚಿತರು ಕಂಡಾರೆಂದು ಹೆದರಿ ದೂರದ ಊರಿಗೆ ಅಲೆದು, ಅಲೆಯಲಾರದೆ ಚಿಕಿತ್ಸೆಯನ್ನೇ ಬಿಡುವುದು ಬೇಡ.

ಕೊನೆಯದಾಗಿ, ಮದುವೆ ಮಾಡಿಸುವ ಹಿರಿಯರಿಗೆ ಒಂದು ಮಾತು. ನಮ್ಮ ಸಮಾಜದ ಮನೆಗಳು ಈ ಭಾಗದಲ್ಲಿ ಚದುರಿದಂತಿವೆ. ಒಂದು ಮನೆಯ ಸುದ್ದಿ ವಾರದೊಳಗೆ ನಾಲ್ಕು ತಾಲ್ಲೂಕು ಸುತ್ತುತ್ತದೆ. ಅದಕ್ಕೆ ಹೆದರಿಯೇ ಜನ ಬಚ್ಚಿಡುತ್ತಾರೆ. ಹೀಗಾಗಿ ಧರ್ಮ ಎರಡು ಕಡೆಗೂ ಇದೆ. ರೋಗವಿರುವವರು ನಿಶ್ಚಿತಾರ್ಥಕ್ಕೆ ಮುಂಚೆಯೇ ಸತ್ಯ ಹೇಳಬೇಕು. ಕೇಳಿಸಿಕೊಂಡವರು ಸಂಬಂಧ ಬೆಳೆಸಲಿ ಬಿಡಲಿ, ಅದನ್ನು ಊರಿಗೆ ಸಾರಬಾರದು. ಲಸಿಕೆ ಇರುವಾಗ, ಮಾತ್ರೆ ಇರುವಾಗ, ಈ ಒಂದು ಕಾರಣಕ್ಕಾಗಿಯೇ ಒಳ್ಳೆಯ ಸಂಬಂಧವನ್ನು ಬಿಡಬೇಕಾದ ಅಗತ್ಯವೂ ಇಲ್ಲ. ಆಯ್ದಕ್ಕಿ ಮಾರಯ್ಯ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅವನನ್ನು ತಿದ್ದಿದವಳು ಹೆಂಡತಿ ಲಕ್ಕಮ್ಮ. ಅವನು ತಂದದ್ದು ಅವಳ ಕಣ್ಣ ಮುಂದಿದ್ದುದರಿಂದ ಅವಳು ತಿದ್ದಿದಳು. ಗಂಡ ಡಬ್ಬಿಯಲ್ಲಿ ಬಚ್ಚಿಟ್ಟರೆ ಯಾವ ಲಕ್ಕಮ್ಮ ತಾನೇ ತಿದ್ದಿಯಾಳು? ನಮ್ಮ ಯುವಕ ಮೊದಲೇ ಹೇಳಿದ್ದರೆ, ಮಾತ್ರೆ ಬಿಡಬೇಡವೆಂದು ತಡೆಯುವವಳು ಮನೆಯಲ್ಲಿಯೇ ಇದ್ದಳು.

ಆ ಹೆಣ್ಣುಮಗಳ ರಕ್ತದಲ್ಲಿ ಸೋಂಕಿರಲಿಲ್ಲ. ಮೂರು ಲಸಿಕೆಗಳೂ ಮುಗಿದು, ರಕ್ಷಣೆ ಬಂದಿರುವುದು ಖಚಿತವಾದ ಮೇಲೆ ಅವಳು ಗರ್ಭಿಣಿಯಾಗಿದ್ದಾಳೆ. ಈಗ ಏಳನೆಯ ತಿಂಗಳು. ಅತ್ತೆ ತಾವೂ ಆಸ್ಪತ್ರೆಗೆ ಹೋಗಿಬರುತ್ತಿದ್ದಾರೆ. ಮಾತ್ರೆಯ ಡಬ್ಬಿ ಈಗ ಅದರದೇ ಹೆಸರಿನ ಚೀಟಿಯೊಡನೆ ದೇವರ ಗೂಡಿನ ಪಕ್ಕದಲ್ಲಿದೆ. ರಾತ್ರಿ ಊಟವಾದೊಡನೆ ಅದನ್ನು ಗಂಡನ ಕೈಗೆ ಕೊಡುವವಳು ಅವಳೇ. ಬರುವ ತಿಂಗಳ ಲಿಂಗಧಾರಣೆಗೆ ನನ್ನನ್ನು ಕರೆದಿದ್ದಾರೆ. ಹೋಗಿ ಬರುತ್ತೇನೆ.